ಎಣ್ಣೆಗೂ ಮೊದಲು ಎತ್ತಿದ ಹೂಳು

ದುಬೈ ಬೆಳೆದಿದ್ದು ಎಣ್ಣೆಯಿಂದ ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ಇಸವಿಗಳನ್ನು ನೋಡಿದರೆ ಕಥೆ ಬೇರೆಯೇ ಇದೆ.

ನೂರು ವರ್ಷದ ಹಿಂದೆ ಇಲ್ಲಿನವರಿಗೆ ಅನ್ನ ಕೊಡುತ್ತಿದ್ದದ್ದು ಮುತ್ತು. ಜಪಾನಿನವರು ಚಿಪ್ಪಿನಲ್ಲೇ ಮುತ್ತು ಬೆಳೆಸೋದು ಕಲಿತರು, 1929ರ ಜಾಗತಿಕ ಕುಸಿತವೂ ಸೇರಿಕೊಂಡಿತು. ಒಂದೇ ಸರಕು ನಂಬಿದ್ದ ದೋಣಿಗಳು ದಡ ಹಿಡಿದವು. ಮುಂಗಡ ಸಾಲ ಪಡೆದಿದ್ದ ಮುಳುಗುಗಾರರ ಪಾಡಂತೂ ಕೇಳೋದೇ ಬೇಡ.

ಕ್ರೀಕ್‌ನಲ್ಲಿ ಹೂಳು ತುಂಬಿ ದೊಡ್ಡ ದೋಣಿಗಳು ಒಳಗೆ ಬರೋಕೂ ಆಗ್ತಿರಲಿಲ್ಲ. ಶೇಖ್ ರಶೀದ್ ಕುವೈತ್‌ನಿಂದ ಸಾಲ ತಂದು ಅದನ್ನು ತೆಗೆಸಿದರು. ಸರಕು ಬಂತು, ಸುಂಕವೂ ಬಂತು. ಎಣ್ಣೆ ಸಿಕ್ಕಿದ್ದು ಆಮೇಲೆ, 1966ರಲ್ಲಿ! ಮುಂದೆಯೂ ದುಡ್ಡು ಸುರಿದದ್ದು ಬಂದರಿಗೇ: 1972ರಲ್ಲಿ ಪೋರ್ಟ್ ರಶೀದ್, 1979ರಲ್ಲಿ ಜೆಬೆಲ್ ಅಲಿ, 1985ರಲ್ಲಿ ಅಲ್ಲಿನ ಫ್ರೀ ಝೋನ್. ನಮ್ಮವರು ಎಷ್ಟೋ ಜನ ಡ್ಯೂಟಿಗೆ ಹೋಗೋದು ಅಲ್ಲಿಗೇ ಅಲ್ವಾ?

ಹಾಗಂತ ಎಲ್ಲ ಸಾಲವೂ ಕ್ರೀಕ್‌ನ ಸಾಲ ಅಲ್ಲ. ಮನೆ, ಜಾಗದ ಬೆಲೆ ಏರುತ್ತಲೇ ಇರುತ್ತೆ ಅಂತ ನಂಬಿ ಕಟ್ಟಿದ ಮೇಲೆ, 2009ರಲ್ಲಿ ದುಬೈ ವರ್ಲ್ಡ್ ಸಾಲ ತೀರಿಸಲು ಗಡುವು ಕೇಳಬೇಕಾಯ್ತು. ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟು ಕೈಹಿಡಿಯಿತು. ಅರ್ಧಕ್ಕೆ ನಿಂತ ಕಟ್ಟಡಗಳಿಂದ ಕೆಲಸ ಕಳಕೊಂಡು ವಿಮಾನ ಹತ್ತಿದವರ ಕೈಹಿಡಿಯೋಕೆ ಮಾತ್ರ ಯಾರೂ ಇರಲಿಲ್ಲ.