ಔಲಿಯೋ, ಸೋಲಂಗೋ? ಮೊದಲು ರಜೆ ಯಾವಾಗ ಹೇಳಿ

ಡಿಸೆಂಬರ್ ಬಂತೆಂದರೆ ಬಿಟಿಎಂ ಲೇಔಟ್‌ನಿಂದ ಬನಶಂಕರಿವರೆಗೆ ಐಟಿ ಮಂದಿಯದು ಒಂದೇ ಲೆಕ್ಕಾಚಾರ. ಉಳಿದ ರಜೆ ವರ್ಷ ಮುಗಿಯುವುದರೊಳಗೆ ಲ್ಯಾಪ್ಸ್ ಆಗುತ್ತೆ, ಕ್ಲೈಂಟ್ ಕಡೆಯವರೂ ಕ್ರಿಸ್‌ಮಸ್ ಮೂಡ್‌ನಲ್ಲಿರ್ತಾರೆ, ಎಲ್ಲಾದರೂ ಹೋಗಿಬಿಡೋಣ. ಕೊಡಗು, ಚಿಕ್ಕಮಗಳೂರು ನೋಡಿ ಮುಗಿಸಿದವರು ಈಗ ಹಿಮದ ಕಡೆ ಮುಖ ಮಾಡಿದ್ದಾರೆ. ಅದರಲ್ಲೂ ಸ್ಕೀಯಿಂಗ್ ಕಲಿಯುವ ಆಸೆ ಹಲವರಿಗೆ. ಇದೇನು ನಮಗೆ ಸಂಬಂಧ ಇಲ್ಲದ ಆಟ ಅನ್ನಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದವರು. 2025ರಲ್ಲಿ ಚಿಲಿ ದೇಶದಲ್ಲಿ ಅಂತರರಾಷ್ಟ್ರೀಯ ಪದಕವನ್ನೂ ತಂದರು.

ಗುಲ್ಮಾರ್ಗ್ ದೊಡ್ಡ ತಾಣ. ಮೊದಲ ಸಲ ಹೋಗುವವರಿಗೆ ಸಣ್ಣ ಜಾಗವೇ ಸಾಕು ಅಂತ ನಾವು ಎರಡನ್ನು ಆರಿಸಿಕೊಂಡೆವು: ಉತ್ತರಾಖಂಡದ ಔಲಿ ಮತ್ತು ಹಿಮಾಚಲದ ಸೋಲಂಗ್. ಮನೆಯಲ್ಲಿ ಮೂವರು, ಮೂರು ಬೇಡಿಕೆ. ನನಗೆ ಸ್ಕೀಯಿಂಗ್ ಕಲೀಬೇಕು. ಹೆಂಡತಿಗೆ ಒಂದು ವಾರಕ್ಕಿಂತ ಹೆಚ್ಚು ರಜೆ ಸಿಗಲ್ಲ. ಅರವತ್ತೆರಡರ ಅಮ್ಮನಿಗೆ ಒಮ್ಮೆಯಾದರೂ ಹಿಮ ಮುಟ್ಟಿ ನೋಡಬೇಕು, ಆದರೆ ಮಂಡಿ ನೋವು.

ಹಿಮಕ್ಕೂ ಒಂದು ಕ್ಯಾಲೆಂಡರ್ ಇದೆ

ಜಾಗಕ್ಕಿಂತ ಮೊದಲು ತೀರ್ಮಾನ ಆಗಬೇಕಾದದ್ದು ತಿಂಗಳು. ಹಿಮಾಲಯದ ಚಳಿಗಾಲದ ಹಿಮ ತರುವುದು ನಮ್ಮ ಮುಂಗಾರು ಅಲ್ಲ, ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್. ಅದರ ಜೋರು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ. ಕ್ರಿಸ್‌ಮಸ್ ವಾರದಲ್ಲಿ ಹೋಟೆಲ್ ದರ ಶಿಖರ ಮುಟ್ಟಿರುತ್ತದೆ, ಇಳಿಜಾರಿನಲ್ಲಿ ಮಾತ್ರ ಒಣಹುಲ್ಲು ಇರಬಹುದು.

ಔಲಿಯಲ್ಲಿ ಕೃತಕ ಹಿಮದ ಯಂತ್ರಗಳಿವೆ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಕಾಲದವು. ಆದರೆ ಅವಕ್ಕೂ ನೀರು ಬೇಕು, ಸೊನ್ನೆಗಿಂತ ಕೆಳಗಿನ ಚಳಿ ಬೇಕು. 2023ರಲ್ಲಿ ಹಿಮ ಸಾಲದೆ ಅಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಸ್ಪರ್ಧೆಯೇ ರದ್ದಾಯಿತು. ಹಾಗಾಗಿ ನಮ್ಮ ಮೊದಲ ತೀರ್ಮಾನ: ಡಿಸೆಂಬರ್ ಬೇಡ, ಫೆಬ್ರವರಿ. ನಿಮ್ಮ ಕಂಪನಿ ಒಂದಿಷ್ಟು ರಜೆಯನ್ನು ಮುಂದಿನ ವರ್ಷಕ್ಕೆ ದಾಟಿಸಲು ಬಿಡುತ್ತದೆಯೇ ಅಂತ ಎಚ್‌ಆರ್‌ಗೆ ಈಗಲೇ ಕೇಳಿಡಿ.

ಔಲಿ: ಕಲಿಯುವವರ ಜಾಗ

ಔಲಿಯ ಇಳಿಜಾರು ಸುಮಾರು 3,050 ಮೀಟರ್ ಎತ್ತರದಿಂದ 2,500 ಮೀಟರಿಗೆ ಇಳಿಯುತ್ತದೆ, ಉದ್ದ ಸುಮಾರು 3 ಕಿ.ಮೀ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಮ್ಮ ತುತ್ತತುದಿ ಔಲಿಯ ಬುಡಕ್ಕೂ ಬರಲ್ಲ. ಎದುರಿಗೆ 7,816 ಮೀಟರ್‌ನ ನಂದಾದೇವಿ. ಗಢ್ವಾಲ್ ಮಂಡಲ್ ವಿಕಾಸ್ ನಿಗಮ 7 ಮತ್ತು 14 ದಿನಗಳ ಸ್ಕೀ ಕೋರ್ಸ್ ನಡೆಸುತ್ತದೆ. ಐಟಿಬಿಪಿಯ ಸ್ಕೀ ತರಬೇತಿ ಸಂಸ್ಥೆ ಇರುವುದೂ ಇಲ್ಲೇ. ಕಲಿಯಬೇಕು ಅಂತಲೇ ಹೋಗುವವರಿಗೆ ಹೇಳಿ ಮಾಡಿಸಿದ ಜಾಗ.

ಅಮ್ಮನಿಗೂ ಔಲಿಯ ಸೆಳೆತವಿತ್ತು. ಕೆಳಗಿನ ಊರು ಜೋಶಿಮಠ, ಈಗ ಅಧಿಕೃತವಾಗಿ ಜ್ಯೋತಿರ್ಮಠ. ನಮ್ಮ ಶೃಂಗೇರಿಯ ಹಾಗೆ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದು. ಬದರಿಯ ಬಾಗಿಲು ಮುಚ್ಚಿದ ಮೇಲೆ ಚಳಿಗಾಲದ ಪೂಜೆ ಇಲ್ಲಿನ ನರಸಿಂಹ ದೇವಸ್ಥಾನದಲ್ಲಿ.

ಆದರೆ ಇದೇ ಊರು ಕುಸಿಯುತ್ತಿದೆ. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಿಟ್ಟು ಜನ ಮನೆ ಖಾಲಿ ಮಾಡಿದರು. ಊರಿಂದ ಔಲಿಗೆ ಹೋಗುವ 4 ಕಿ.ಮೀ. ರೋಪ್‌ವೇ ಆಗಲೇ ನಿಂತಿತು. ಅದನ್ನು ನಂಬಿ ಪ್ಲಾನ್ ಮಾಡಬೇಡಿ. ಹಿಮ ಬಿದ್ದ ದಿನ ಕೊನೆಯ ಏರುದಾರಿಗೆ ಚಕ್ರಕ್ಕೆ ಚೈನ್ ಕಟ್ಟಿದ ಸ್ಥಳೀಯ ಜೀಪೇ ಗತಿ.

ಸೋಲಂಗ್: ಎಲ್ಲರಿಗೂ ಏನಾದರೊಂದು

ಸೋಲಂಗ್ ಮನಾಲಿಯಿಂದ ಹದಿಮೂರು, ಹದಿನಾಲ್ಕು ಕಿ.ಮೀ. ಇಳಿಜಾರು ಚಿಕ್ಕದು, ಜನ ಜಾಸ್ತಿ. ಸ್ನೋ ಸ್ಕೂಟರ್, ಯಾಕ್ ಸವಾರಿ, ಟ್ಯೂಬ್, ಮ್ಯಾಗಿ ಅಂಗಡಿ ಎಲ್ಲ ಸೇರಿ ನಮ್ಮ ಕಡಲೆಕಾಯಿ ಪರಿಷೆಯ ಗದ್ದಲ. ಗಂಟೆ ಲೆಕ್ಕದ ಸ್ಕೀಯಿಂಗ್ ಇಲ್ಲಿನ ವಾಡಿಕೆ: ಕೈ ಹಿಡಿದು ನಾಲ್ಕು ಸಲ ಜಾರಿಸಿ, ಫೋಟೊ ತೆಗೆದು ಕಳಿಸ್ತಾರೆ. ಅದು ಕಲಿಕೆಯಲ್ಲ. ಸರಿಯಾಗಿ ಕಲಿಸುವುದು ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ. ಆದರೆ ಅದರ ಕೋರ್ಸ್ ಎರಡು ವಾರದ್ದು.

ಹಾಗಿದ್ದರೂ ಸೋಲಂಗ್‌ನ ಗೆಲುವು ಬೇರೆ ಕಡೆ ಇದೆ. ಸ್ಕೀ ಕಟ್ಟದವರಿಗೂ ಇಲ್ಲಿ ದಿನ ಕಳೆಯುತ್ತೆ. ರೋಪ್‌ವೇಯಲ್ಲಿ ಕೂತೇ ಮೇಲಿನ ಹಿಮಕ್ಕೆ ಹೋಗಬಹುದು. ಸೋಲಂಗ್‌ನಲ್ಲಿ ಹಿಮ ಕೈಕೊಟ್ಟರೆ, ರಸ್ತೆ ತೆರೆದಿರುವ ದಿನ 9 ಕಿ.ಮೀ.ಯ ಅಟಲ್ ಸುರಂಗ ದಾಟಿ ಲಾಹೌಲ್‌ನ ಸಿಸ್ಸುವಿಗೆ ಹೋದರಾಯಿತು. 2020ರ ಅಕ್ಟೋಬರ್‌ನಲ್ಲಿ ಸುರಂಗ ತೆರೆದ ಮೇಲೆ ಇದು ಸಾಧ್ಯವಾಗಿದೆ. ರಾತ್ರಿ ಮಲಗುವುದು ಸುಮಾರು 2,000 ಮೀಟರ್‌ನ ಮನಾಲಿಯಲ್ಲಿ. ಆಸ್ಪತ್ರೆ, ಔಷಧಿ ಅಂಗಡಿ ಹತ್ತಿರ. ಮಂಡಿಗೆ ವಸಿಷ್ಠದ ಬಿಸಿನೀರಿನ ಬುಗ್ಗೆ ಬೋನಸ್.

ರಸ್ತೆ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಬೆಂಗಳೂರಿಂದ ಡೆಹ್ರಾಡೂನ್‌ಗೆ ವಿಮಾನ, ಅಲ್ಲಿಂದ ಜೋಶಿಮಠಕ್ಕೆ ಒಂದು ಹಗಲು ಪೂರ್ತಿ ಘಾಟಿ ದಾರಿ. ಚಂಡೀಗಢದಿಂದ ಮನಾಲಿಗೆ ಸುಮಾರು 300 ಕಿ.ಮೀ.; ನಡುವೆ ಮಂಡಿ ಪಟ್ಟಣದಲ್ಲಿ ಒಂದು ರಾತ್ರಿ ತಂಗಿ ಸುಧಾರಿಸಿಕೊಳ್ಳಬಹುದು.

ಹಿಮವಿಲ್ಲದ ದಿನ ಏನು ಮಾಡ್ತೀರಿ?

ಇಳಿಜಾರಿನ ಉದ್ದ, ಎತ್ತರ ಎಲ್ಲ ಎಕ್ಸೆಲ್ ಶೀಟ್‌ಗೆ ಹಾಕಿದ್ದೆ. ಹೆಂಡತಿ ನೋಡಿ ಒಂದೇ ಪ್ರಶ್ನೆ ಕೇಳಿದಳು: "ನೀನು ಬೆಳಗ್ಗೆಯಿಂದ ಸಂಜೆವರೆಗೆ ಜಾರ್ತಿರು, ಅತ್ತೆ ಎಲ್ಲಿ ಕೂತಿರ್ತಾರೆ?" ಆ ಕಾಲಂ ನನ್ನ ಶೀಟ್‌ನಲ್ಲಿ ಇರಲಿಲ್ಲ. ಸೇರಿಸಿದ ಮೇಲೆ ಉತ್ತರ ತಾನಾಗೇ ಬಂತು. ನರಸಿಂಹ ದೇವಸ್ಥಾನ ತಪ್ಪುತ್ತದಲ್ಲ ಎಂದರೆ ಅಮ್ಮ, "ಸ್ವಾಮಿ ಎಲ್ಲೂ ಹೋಗಲ್ಲ ಕಣೋ, ಬೇಸಿಗೇಲಿ ಬದರಿಗೆ ಹೋದ್ರೆ ಅದೇ ದಾರಿ. ನನ್ನ ಮಂಡಿ ಇನ್ನೂ ಮಾತು ಕೇಳುವಾಗಲೇ ಹಿಮ ತೋರಿಸು" ಅಂದರು.

ಆದ್ದರಿಂದ ಈ ಫೆಬ್ರವರಿ ಸೋಲಂಗ್. ನಾನು ಮೂರು ದಿನ ಒಬ್ಬರೇ ಶಿಕ್ಷಕರ ಹತ್ತಿರ ಕಲಿಯುತ್ತೇನೆ. ಸ್ಕೀಯ ತುದಿಗಳನ್ನು ಒಳಕ್ಕೆ ತಿರುಗಿಸಿ ನಿಲ್ಲುವುದು, ಬಿದ್ದು ಏಳುವುದು ಬಂದರೆ ಸಾಕು. ಔಲಿಯ ಏಳು ದಿನದ ಕೋರ್ಸ್‌ಗೆ ಇನ್ನೊಂದು ವರ್ಷ ಒಬ್ಬನೇ ಹೋಗುತ್ತೇನೆ.

ನೀವು ಗೆಳೆಯರಷ್ಟೇ ಹೋಗುವವರು, ವಾರ ಪೂರ್ತಿ ಕಲಿಯುವ ಹಟ ಇದೆ ಎಂದರೆ ಔಲಿಯೇ ಸರಿ. ಎಲ್ಲಿಗೇ ಹೋಗಿ, ನಾಲ್ಕು ಮಾತು ನೆನಪಿರಲಿ.

• ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ, ಅಲ್ಲಿ ರಾತ್ರಿ ಸೊನ್ನೆಯ ಕೆಳಗೆ. ಜಯನಗರ ಫೋರ್ತ್ ಬ್ಲಾಕ್‌ನ ಸ್ವೆಟರ್ ಒಂದೇ ಸಾಲದು. ಒಳಗೆ ಥರ್ಮಲ್ ಕೊಳ್ಳಿ, ಹೊರಗಿನ ಸೂಟು, ಬೂಟು ಸೋಲಂಗ್ ದಾರಿಯಲ್ಲೇ ಬಾಡಿಗೆಗೆ ಸಿಗುತ್ತದೆ.
• ಬಿಪಿ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಲಿ.
• ವಿಮೆ ಇದ್ದರೆ ಸಾಹಸ ಕ್ರೀಡೆಯ ಗಾಯ ಅದರಲ್ಲಿ ಸೇರಿದೆಯೇ ಓದಿ. ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.
• ವಾಪಸ್ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಬಿಡಿ. ಹಿಮ ಬಿದ್ದರೆ ರಸ್ತೆ ಮುಚ್ಚುತ್ತದೆ, ಸೋಮವಾರದ ಸ್ಟ್ಯಾಂಡ್‌ಅಪ್ ಮೀಟಿಂಗ್ ಅದಕ್ಕೆ ಗೊತ್ತಿಲ್ಲ.