ನೆರೆಹೊರೆಯೇ ಕಾವಲು

ಬೆಂಗಳೂರಿನ ಹೊರವಲಯವಾದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬಾಗಿಲಿಗೆ ಎರಡು ಬೀಗ, ಗೇಟಿಗೆ ಕಾವಲುಗಾರ, ಗೋಡೆಗೆ ಕ್ಯಾಮೆರಾ ಇವು ಸಾಮಾನ್ಯವಾಗಿವೆಯಷ್ಟೆ. ಆದರೂ ಗೃಹಸ್ಥನಿಗೆ ನಿರ್ಭಯವು ದೊರೆಯದಿರುವುದಕ್ಕೆ ಕಾರಣವೇನೆಂಬುದನ್ನು ವಾಚಕರೊಡನೆ ಕೊಂಚ ವಿಚಾರಿಸಬೇಕೆಂದಿದ್ದೇವೆ.

ಅಮೆರಿಕಾದ ಷಿಕಾಗೋ ನಗರವನ್ನು ಕುರಿತು ಕ್ಲಿಫರ್ಡ್ ಷಾ, ಹೆನ್ರಿ ಮೆಕೇ ಎಂಬ ಪಂಡಿತರು 1942ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕೆಲವು ಕೇರಿಗಳಲ್ಲಿ ಒಂದು ಜನಾಂಗವು ಹೋಗಿ ಮತ್ತೊಂದು ನೆಲಸಿದರೂ ಅಪರಾಧಗಳು ಹಾಗೆಯೇ ಉಳಿದುವೆಂದೂ, ಆದುದರಿಂದ ದೋಷವನ್ನು ಜನರ ಕುಲದಲ್ಲಿ ಹುಡುಕದೆ ನೆಲೆಯ ಸ್ಥಿತಿಯಲ್ಲಿ ಹುಡುಕತಕ್ಕದ್ದೆಂದೂ ಅವರು ತೋರಿಸಿದರು. ತರುವಾಯ ರಾಬರ್ಟ್ ಸ್ಯಾಂಪ್ಸನ್ ಎಂಬ ಅಪರಾಧಶಾಸ್ತ್ರಜ್ಞರೂ ಇಬ್ಬರು ಸಹೋದ್ಯೋಗಿಗಳೂ ಅದೇ ನಗರದ 343 ನೆರೆಹೊರೆಗಳ 8,782 ನಿವಾಸಿಗಳ ಉತ್ತರಗಳನ್ನು ಪರಿಶೀಲಿಸಿ 1997ರಲ್ಲಿ ಫಲವನ್ನು ಪ್ರಕಟಪಡಿಸಿದರು. ನೆರೆಯವರನ್ನು ನಂಬಬಹುದೇ, ಶಾಲೆ ತಪ್ಪಿಸಿ ಬೀದಿಯ ಮೂಲೆಯಲ್ಲಿ ನಿಂತ ಹುಡುಗರನ್ನು ಅವರು ವಿಚಾರಿಸುವರೇ ಎಂಬಂಥವು ಅವರ ಪ್ರಶ್ನೆಗಳು. ಪರಸ್ಪರ ನಂಬಿಕೆಯೂ ಕೇಳುವ ಮನಸ್ಸೂ ಕೂಡಿದ ಈ ಗುಣವನ್ನು ‘ಸಮಷ್ಟಿಸಾಮರ್ಥ್ಯ’ವೆನ್ನಬಹುದು. ಬಡತನಾದಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಈ ಗುಣವು ಹೆಚ್ಚಾಗಿದ್ದೆಡೆಯಲ್ಲಿ ಹಿಂಸೆಯು ಕಡಮೆಯಾಗಿದ್ದಿತು. ಬಡತನವು ದಟ್ಟವಾಗಿ, ಜನರು ಮೇಲಿಂದಮೇಲೆ ಮನೆ ಬದಲಿಸುವೆಡೆಯಲ್ಲಿ ಆ ಗುಣವೇ ಕ್ಷೀಣವಾಗಿದ್ದಿತು.

ಮನೆ ಬದಲಿಸುವುದು ನಮ್ಮ ಹೊರವಲಯದ ನಿತ್ಯಸ್ಥಿತಿ. ವೈಟ್‌ಫೀಲ್ಡಂತೂ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸತಿಗೆಂದು ಸ್ಥಾಪಿತವಾದ, ಬಂದವರಿಂದಲೇ ಹುಟ್ಟಿದ ಊರು. ಅಲ್ಲಿ ಪರಕೀಯರಾರು?

2012ರ ಆಗಸ್ಟಿನಲ್ಲಿ ಸುಳ್ಳು ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರನ್ನು ಬಿಟ್ಟು ಗುವಾಹಾಟಿಯ ರೈಲುಗಳನ್ನು ಹತ್ತಿದರು. ಸರ್ಕಾರವು ಅಭಯವಿತ್ತರೂ ಅವರಿಗೆ ಧೈರ್ಯ ಬರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮ ಕಟ್ಟಡಗಳಿಗೆ ಕಾವಲಿದ್ದವರು! ಅವರ ಹೆಸರು ಹಿಡಿದು ಕರೆದು, ‘ಹೆದರಬೇಡ, ನಾವಿದ್ದೇವೆ’ ಎನ್ನುವ ನೆರೆಯವರು ಎಷ್ಟು ಮಂದಿಗಿದ್ದರು?

ಆದರೆ ಹತ್ತು ಜನ ಸೇರಿದ ಮಾತ್ರಕ್ಕೆ ಸಮಷ್ಟಿಸಾಮರ್ಥ್ಯವಾಗದು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಮಕ್ಕಳಕಳ್ಳನೆಂಬ ಸುಳ್ಳುಸುದ್ದಿಯಿಂದ, ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನು ಗುಂಪಿನ ಹೊಡೆತಕ್ಕೆ ಹತನಾದನು. ಅಲ್ಲಿ ನೆರೆದವರು ಬಹಳ, ‘ಇವನಾರು? ನಿಜವೇನು?’ ಎಂದು ತಡೆದು ಕೇಳುವ ನೆರೆಯವರು ಸಾಲದಾದರು. ಸಂಶಯವು ಕೂಡಿದರೆ ಗುಂಪು, ಪರಿಚಯವು ಕೂಡಿದರೆ ಕೇರಿ.

ಆದುದರಿಂದ ಗೃಹಸ್ಥರು ಬೀಗವನ್ನು ಬಿಡಬೇಕಾದುದಿಲ್ಲ. ಬಾಗಿಲ ಕಾವಲುಗಾರನ ಊರು ಯಾವುದು, ಹೊಸ ಬಾಡಿಗೆದಾರರ ಮನೆಯಲ್ಲಿ ಮಕ್ಕಳೆಷ್ಟು, ಎದುರುಮನೆಯ ವೃದ್ಧರಿಗೆ ಔಷಧ ತರುವವರುಂಟೇ ಎಂಬುದನ್ನು ಈ ತಿಂಗಳಲ್ಲೇ ಕೇಳಿ ತಿಳಿಯಲಿ. ಇದಕ್ಕೆ ಕಾಸಿನ ಖರ್ಚಿಲ್ಲ. ನಾಲ್ಕು ಹೆಜ್ಜೆ ನಡೆದರೆ ಸಾಕು.