ಅಳಿದುಳಿದ ಯುದ್ಧವಿಮಾನಗಳು

ಹಿರಿಯರು ಬಳಸಿದ ವಸ್ತುಗಳನ್ನು ಜೋಪಾನವಾಗಿ ಕಾಪಾಡುವುದು ಮಾನವನ ಸಹಜ ಪ್ರವೃತ್ತಿ. ವೀರನ ಖಡ್ಗ, ಸಂತನ ಪಾದುಕೆ, ಕವಿಯ ಲೇಖನಿ ಇವುಗಳ ಬೆಲೆ ಕಬ್ಬಿಣದಿಂದಾಗಲಿ ಮರದಿಂದಾಗಲಿ ಬಂದುದಲ್ಲ. ಅವನ್ನು ಹಿಡಿದ ಕೈಗಳಿಂದ ಬಂದುದು. ಇಪ್ಪತ್ತನೆಯ ಶತಮಾನದಲ್ಲಿ ಈ ಸಾಲಿಗೆ ಹೊಸದೊಂದು ವಸ್ತು ಬಂದು ಸೇರಿತು. ಅದೇ ಯುದ್ಧವಿಮಾನ.

ಹಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ದಿದ್ದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲಿ ‘ಮಾರುತ’ ಎಂಬ ಯುದ್ಧವಿಮಾನವನ್ನು ನಿಲ್ಲಿಸಿದ್ದಾರೆ. ಅದನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದ ಹುಡುಗಿಯೊಬ್ಬಳು, “ಸಾರ್, ಜನರನ್ನು ಕೊಲ್ಲುವುದಕ್ಕೆಂದು ಮಾಡಿದ ಯಂತ್ರವನ್ನು ಹೀಗೆ ಇಟ್ಟು ಏಕೆ ಕಾಪಾಡಬೇಕು?” ಎಂದು ಕೇಳಿದಳು. ಆಗ ನಾನು ಏನೋ ಒಂದು ಉತ್ತರ ಹೇಳಿದೆ. ಅದು ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ತಿಳಿದುಬಂದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಯುದ್ಧಕಾಲದಲ್ಲಿ ವಿಮಾನಗಳು ಸಾವಿರಗಟ್ಟಲೆ ತಯಾರಾಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಬಳಸಿದ ‘ಹರಿಕೇನ್’ ಎಂಬ ಒಂದೇ ಮಾದರಿಯ ವಿಮಾನಗಳು ಹದಿನಾಲ್ಕು ಸಾವಿರಕ್ಕೂ ಹೆಚ್ಚು ನಿರ್ಮಾಣವಾದವು. ಅವುಗಳಲ್ಲಿ ಇಂದು ಹಾರಬಲ್ಲ ಸ್ಥಿತಿಯಲ್ಲಿರುವವು ಬೆರಳೆಣಿಕೆಯಷ್ಟು ಮಾತ್ರ. ಉಳಿದವು ಏನಾದವು? ಕೆಲವು ಹೋರಾಟದಲ್ಲಿ ಉರುಳಿದವು. ಕೆಲವು ಅಪಘಾತಗಳಲ್ಲಿ ನಾಶವಾದವು. ಯುದ್ಧ ಮುಗಿದ ಮೇಲೆ ಮಿಕ್ಕವುಗಳಲ್ಲಿ ಬಹುಪಾಲು ಗುಜರಿಗೆ ಹೋದವು. 1940ರಲ್ಲಿ ಬ್ರಿಟನ್ನಿನ ಗೃಹಿಣಿಯರು ವಿಮಾನ ನಿರ್ಮಾಣಕ್ಕೆಂದು ತಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಒಪ್ಪಿಸಿದ್ದರು. ಯುದ್ಧ ಮುಗಿದೊಡನೆ ವಿಮಾನಗಳನ್ನೇ ಕರಗಿಸಿ ಲೋಹ ತೆಗೆಯುವ ಕಾಲ ಬಂದಿತು. ಗೆದ್ದವರಿಗೂ ಬೇಡವಾದ ವಸ್ತುಗಳವು. ಆದುದರಿಂದ, ಪ್ರಸಿದ್ಧ ವೈಮಾನಿಕನೊಬ್ಬ ಏರಿದ ವಿಮಾನವೇ ನಮ್ಮ ಕಾಲದವರೆಗೆ ಉಳಿದುಬರುವುದು ತೀರ ಅಪರೂಪ.

ಮೊದಲನೆಯ ಮಹಾಯುದ್ಧದ ವಿಮಾನಗಳಂತೂ ಇನ್ನೂ ವಿರಳ. ಫ್ರಾನ್ಸ್ ದೇಶದ ಜಾರ್ಜ್ ಗಿನ್‌ಮೇರ್ ಎಂಬ ತರುಣ ಆ ಕಾಲದ ಮಹಾವೀರರಲ್ಲಿ ಒಬ್ಬ. 1917ರ ಸೆಪ್ಟೆಂಬರ್ ತಿಂಗಳಿನಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಆತ ಆಕಾಶದಲ್ಲಿ ಕಣ್ಮರೆಯಾದ. ಆದರೆ ಆತ ಅದಕ್ಕೆ ಮುಂಚೆ ಏರಿದ್ದ ಇನ್ನೊಂದು ವಿಮಾನ ಪ್ಯಾರಿಸ್ ನಗರದ ಬಳಿಯ ಲೆ ಬೂರ್ಜೆ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಸವಾರನಿಲ್ಲದೆ ಕುದುರೆ ಮಾತ್ರ ಮನೆಗೆ ಬಂದಂತೆ ಅದು ಅಲ್ಲಿ ನಿಂತಿದೆ.

ಇಂತಹ ವಿಮಾನಗಳಲ್ಲಿ ನಮ್ಮ ದೇಶದ ಮಣ್ಣಿನೊಡನೆ ನಂಟು ಪಡೆದ ಒಂದರ ಕಥೆಯನ್ನು ವಿವರವಾಗಿ ನೋಡೋಣ. ಅದರ ಹೆಸರು ಹರಿಕೇನ್ ಆರ್ 4118.

1940ರ ಬೇಸಗೆಯಲ್ಲಿ ಫ್ರಾನ್ಸ್ ಸೋತು ಹೋಗಿತ್ತು. ಜರ್ಮನಿಯ ವಾಯುಪಡೆ ಬ್ರಿಟನ್ನಿನ ಮೇಲೆ ಎರಗಿತು. ಜುಲೈ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗೆ ನಡೆದ ಈ ಆಕಾಶಸಮರವನ್ನು ‘ಬ್ರಿಟನ್ ಕಾಳಗ’ ಎಂದು ಇತಿಹಾಸಕಾರರು ಕರೆಯುತ್ತಾರೆ. ಈ ಕಾಳಗದ ಕೀರ್ತಿ ‘ಸ್ಪಿಟ್‌ಫೈರ್’ ವಿಮಾನಕ್ಕೆ ಸಂದಿತಾದರೂ ಹೆಚ್ಚಿನ ಭಾರ ಹೊತ್ತುದು ಹರಿಕೇನ್. ಸಿಡ್ನಿ ಕ್ಯಾಮ್ ಎಂಬ ಶಿಲ್ಪಿ ರೂಪಿಸಿದ ಈ ವಿಮಾನ 1935ರಲ್ಲಿ ಮೊದಲ ಬಾರಿ ಹಾರಿತು. ಲೋಹದ ಕೊಳವೆಗಳ ಹಂದರ, ಅದರ ಮೇಲೆ ಮರದ ಪಟ್ಟಿಗಳು, ಮೈಯ ಹಿಂಭಾಗಕ್ಕೆ ಬಿಗಿದ ನಾರುಬಟ್ಟೆ: ಇದು ಅದರ ರಚನೆ. ಗುಂಡು ಬಟ್ಟೆಯನ್ನು ತೂರಿಹೋದರೆ ತೇಪೆ ಹಚ್ಚಿ ಮತ್ತೆ ಹಾರಿಸಬಹುದಾಗಿತ್ತು. ಹೀಗೆ ಸುಲಭವಾಗಿ ದುರಸ್ತಿಯಾಗುವ ಗುಣವೇ ಅದರ ದೊಡ್ಡ ಬಲವಾಗಿತ್ತು.

ಆರ್ 4118 ವಿಮಾನ 1940ರ ಆಗಸ್ಟ್ ತಿಂಗಳಿನಲ್ಲಿ 605ನೆಯ ದಳವನ್ನು ಸೇರಿತು. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ ನೆಲೆಯಿಂದ ಆ ದಳ ಹೋರಾಡಿತು. ಕಾಳಗದ ಅವಧಿಯಲ್ಲಿ ಈ ವಿಮಾನ 49 ಬಾರಿ ಶತ್ರುಗಳನ್ನು ಎದುರಿಸಲು ಮೇಲೇರಿತು. ಐದು ಶತ್ರುವಿಮಾನಗಳನ್ನು ಕೆಡವಿದ ಕೀರ್ತಿ ಅದಕ್ಕೆ ಸಂದಿದೆ. ಅದನ್ನು ಏರಿದ ವೈಮಾನಿಕರಲ್ಲಿ ಬಾಬ್ ಫಾಸ್ಟರ್ ಒಬ್ಬರು. ಆಗ ಅವರ ವಯಸ್ಸು ಕೇವಲ ಇಪ್ಪತ್ತು. ನಿಮಗಿಂತ ಐದಾರು ವರ್ಷ ದೊಡ್ಡವರು, ಅಷ್ಟೆ.

ಮುಂದೆ ಹೊಸ ಮಾದರಿಗಳು ಬಂದುದರಿಂದ ಈ ವಿಮಾನ ತರಬೇತಿಯ ಕೆಲಸಕ್ಕೆ ಇಳಿಯಿತು. 1943ರ ಕೊನೆಯಲ್ಲಿ ಅದನ್ನು ಪೆಟ್ಟಿಗೆಯಲ್ಲಿ ತುಂಬಿ, ಹಡಗಿನಲ್ಲಿ ಭಾರತಕ್ಕೆ ಕಳುಹಿಸಿದರು. ಯುದ್ಧಾನಂತರ ಅದು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ನೋಡಿ ವಿಮಾನದ ರಚನೆಯನ್ನು ಕಲಿತರು. ಕಾಲಕ್ರಮದಲ್ಲಿ ಅದು ಬಯಲಿಗೆ ಬಿದ್ದು, ಬಿಸಿಲು ಮಳೆಗಳಿಗೆ ಮೈಯೊಡ್ಡಿ, ಗಿಡಮರಗಳ ನಡುವೆ ಮರೆಯಾಯಿತು. ಲಂಡನ್ನಿನ ಆಕಾಶವನ್ನು ಕಾದ ಯಂತ್ರ ಕಾಶಿಯಲ್ಲಿ ಮೌನವಾಗಿ ವಿಶ್ರಮಿಸಿತು!

1982ರಲ್ಲಿ ಪೀಟರ್ ವಾಚರ್ ಎಂಬ ಇಂಗ್ಲಿಷ್ ಗೃಹಸ್ಥರು ಹಳೆಯ ರೋಲ್ಸ್ ರಾಯ್ಸ್ ಕಾರುಗಳನ್ನು ಹುಡುಕುತ್ತ ಭಾರತದಲ್ಲಿ ಸಂಚರಿಸುತ್ತಿದ್ದರು. ಆಗ ಈ ವಿಮಾನ ಅವರ ಕಣ್ಣಿಗೆ ಬಿದ್ದಿತು. ಆದರೆ ಅದನ್ನು ಪಡೆಯುವುದು ಸುಲಭವಾಗಿರಲಿಲ್ಲ. ವರ್ಷಾನುಗಟ್ಟಲೆ ಪತ್ರವ್ಯವಹಾರ ನಡೆದು, 2001ರಲ್ಲಿ ವಿಮಾನ ಇಂಗ್ಲೆಂಡಿಗೆ ಮರಳಿತು. ಕುಶಲಿಗಳು ಅದರ ಒಂದೊಂದು ಅಂಗವನ್ನೂ ಬಿಚ್ಚಿ, ಪರೀಕ್ಷಿಸಿ, ದುರಸ್ತಿ ಮಾಡಿದರು. 2004ರ ಡಿಸೆಂಬರ್ 23ರಂದು ಅದು ಮತ್ತೆ ಆಕಾಶಕ್ಕೇರಿತು. ಬಾಬ್ ಫಾಸ್ಟರ್ ಅವರು ಆಗ ಎಂಬತ್ತು ದಾಟಿದ ವೃದ್ಧರು. ತಾವು ಇಪ್ಪತ್ತರ ಹರೆಯದಲ್ಲಿ ಏರಿದ್ದ ವಿಮಾನವನ್ನು ಅವರು ಮತ್ತೆ ಕಂಡರು. ಸವಾರ ಮುಪ್ಪಾಗಿದ್ದ; ಕುದುರೆ ಮಾತ್ರ ಮತ್ತೆ ತರುಣವಾಗಿತ್ತು. ಫಾಸ್ಟರ್ 2014ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಸಂದೇಹ ಏಳಬಹುದು. ಒಂದೇ ಅಚ್ಚಿನಲ್ಲಿ ಎರೆದಂತಿರುವ ಸಾವಿರಾರು ವಿಮಾನಗಳಲ್ಲಿ ಇಂಥವರು ಏರಿದ್ದು ಇದೇ ಎಂದು ಹೇಳುವುದು ಹೇಗೆ? ಇದಕ್ಕೆ ಎರಡು ಸಾಕ್ಷ್ಯಗಳುಂಟು. ಪ್ರತಿಯೊಂದು ವಿಮಾನಕ್ಕೂ ಅದರದೇ ಆದ ಕ್ರಮಸಂಖ್ಯೆ ಇರುತ್ತದೆ; ‘ಆರ್ 4118’ ಎಂಬುದು ಅಂತಹ ಸಂಖ್ಯೆ. ಎರಡನೆಯದು ವೈಮಾನಿಕನ ದಿನಚರಿ ಪುಸ್ತಕ. ಹಾರಾಟ ಮುಗಿಸಿ ಇಳಿದೊಡನೆ ಆತ ದಿನಾಂಕ, ವಿಮಾನದ ಸಂಖ್ಯೆ, ಹಾರಿದ ವೇಳೆ ಇವನ್ನು ಅದರಲ್ಲಿ ಬರೆಯಬೇಕು. ಈ ಎರಡು ಬರಹಗಳು ತಾಳೆಯಾದಾಗ ಇತಿಹಾಸ ಬಾಯಿಬಿಡುತ್ತದೆ. ಶಾಸನದ ಲಿಪಿಯನ್ನು ಓದಿ ರಾಜನ ಕಾಲವನ್ನು ಗುರುತಿಸುವಂತೆಯೇ ಇದು. ನೋಡಿ, ದಣಿದ ಕೈ ಅಂದು ಬೇಸರಿಸದೆ ಬರೆದಿಟ್ಟ ಒಂದು ಸಾಲು ಅರವತ್ತು ವರ್ಷಗಳ ಮೇಲೆ ಪ್ರಮಾಣವಾಯಿತು.

ಮರಳಿನಿಂದ ಎದ್ದುಬಂದ ವಿಮಾನವೂ ಇದೆ. 1940ರ ಮೇ 26ರಂದು ದಳನಾಯಕ ಜೆಫ್ರಿ ಸ್ಟೀವನ್‌ಸನ್ ಅವರ ಸ್ಪಿಟ್‌ಫೈರ್ ಡನ್‌ಕರ್ಕ್ ಬಳಿಯ ಹೋರಾಟದಲ್ಲಿ ಪೆಟ್ಟುತಿಂದು ಫ್ರಾನ್ಸಿನ ಕಡಲತೀರದಲ್ಲಿ ಇಳಿಯಿತು. ಅವರು ಶತ್ರುಗಳ ಸೆರೆಯಾದರು. ವಿಮಾನವನ್ನು ಮರಳು ನುಂಗಿತು. 1986ರಲ್ಲಿ ಅದನ್ನು ಹೊರತೆಗೆದರು. 2014ರಲ್ಲಿ ಅದು ಮತ್ತೆ ಹಾರಿತು. ಮರುವರ್ಷ ಅದು ಡಕ್ಸ್‌ಫರ್ಡ್‌ನ ವಸ್ತುಸಂಗ್ರಹಾಲಯಕ್ಕೆ ಕೊಡುಗೆಯಾಗಿ ಸಂದಿತು. ಸ್ಟೀವನ್‌ಸನ್ 1954ರಲ್ಲಿಯೇ ವಿಮಾನ ಅಪಘಾತದಲ್ಲಿ ಮಡಿದಿದ್ದುದರಿಂದ ಈ ಪುನರ್ಜನ್ಮವನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ.

ನಮ್ಮ ಬೆಂಗಳೂರಿನ ಪಾಲೂ ಈ ಇತಿಹಾಸದಲ್ಲಿ ಸಣ್ಣದಲ್ಲ. ಯುದ್ಧ ಮುಗಿದಾಗ ‘ಲಿಬರೇಟರ್’ ಎಂಬ ಅಮೆರಿಕನ್ ಬಾಂಬರುಗಳನ್ನು ಕಾನ್ಪುರದಲ್ಲಿ ರಾಶಿ ಹಾಕಿ, ಮತ್ತೆ ಯಾರೂ ಬಳಸದಂತೆ ಕೆಡಿಸಿ ಹೋಗಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕಾಗಿದ್ದವು, ಕೊಳ್ಳಲು ಹಣವಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಕುಶಲಿಗಳು ಅಲ್ಲಿಗೆ ಹೋಗಿ, ಆ ಅವಶೇಷಗಳನ್ನು ಹೇಗೋ ಹಾರುವಷ್ಟು ಸಜ್ಜುಗೊಳಿಸಿದರು. ಪರೀಕ್ಷಾ ವೈಮಾನಿಕ ಜಮ್‌ಶೇದ್ ಮುನ್ಷಿ ಅವರು ಪ್ರಾಣದ ಹಂಗು ತೊರೆದು ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣವಾಗಿ ನವೀಕರಣಗೊಂಡ ಆ ವಿಮಾನಗಳು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಅನಂತರ ಬ್ರಿಟನ್, ಅಮೆರಿಕ, ಕೆನಡ ದೇಶಗಳ ವಸ್ತುಸಂಗ್ರಹಾಲಯಗಳು ಇವುಗಳಲ್ಲಿ ಕೆಲವನ್ನು ಆದರದಿಂದ ಬರಮಾಡಿಕೊಂಡವು. ಅವುಗಳನ್ನು ನಿರ್ಮಿಸಿದ ನಾಡಿನವರೇ ನಮ್ಮಿಂದ ಅವನ್ನು ಪಡೆಯಬೇಕಾಯಿತು. ಬಡತನ ಕಲಿಸಿದ ಮಿತವ್ಯಯ ಹೀಗೆ ಲೋಕದ ಇತಿಹಾಸಕ್ಕೆ ಉಪಕಾರ ಮಾಡಿತು.

ಇಂತಹ ವಿಮಾನಗಳನ್ನು ಹಾರಿಸಬೇಕೆ, ಇಲ್ಲವೆ ನೆಲದ ಮೇಲೆಯೇ ಇರಿಸಬೇಕೆ ಎಂಬ ವಿಷಯದಲ್ಲಿ ಬಲ್ಲವರಲ್ಲಿ ಭಿನ್ನಾಭಿಪ್ರಾಯವಿದೆ. ಎಂಜಿನ್ನಿನ ಮೊರೆತ ಕೇಳಿಸದ ವಿಮಾನ ಶ್ರುತಿ ತಪ್ಪಿದ ವೀಣೆಯಂತೆ ಎನ್ನುವರು ಕೆಲವರು. ಹಾರಿದರೆ ಅಪಘಾತದ ಭಯವುಂಟು. ಹಾರಿಸಲೆಂದು ಹಳೆಯ ಭಾಗಗಳನ್ನು ತೆಗೆದು ಹೊಸವನ್ನು ಜೋಡಿಸುತ್ತ ಹೋದರೆ ಮೂಲವಸ್ತುವೇ ಉಳಿಯದು ಎನ್ನುವರು ಮತ್ತೆ ಕೆಲವರು. ಎರಡು ಮಾತಿನಲ್ಲಿಯೂ ಸತ್ಯವಿದೆ. ಪುರಾತನ ದೇವಾಲಯದ ಜೀರ್ಣೋದ್ಧಾರದಲ್ಲಿಯೂ ಇದೇ ಇಕ್ಕಟ್ಟು ಎದುರಾಗುತ್ತದೆಯಲ್ಲವೆ?

ಈಗ ಆ ಹುಡುಗಿಯ ಪ್ರಶ್ನೆಗೆ ಮರಳೋಣ. ಆರ್ 4118 ಐದು ವಿಮಾನಗಳನ್ನು ಕೆಡವಿತೆಂದು ಹೇಳಿದೆನಷ್ಟೆ. ಆ ವಿಮಾನಗಳಲ್ಲಿ ಇದ್ದವರೂ ಯಾರೋ ತಾಯಂದಿರ ಮಕ್ಕಳೇ. ಅವರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸೇ ಇದ್ದಿರಬೇಕು. ಅವರ ಹೆಸರುಗಳನ್ನು ನಾವು ಅರಿಯೆವು. ಗೆದ್ದವನ ವಿಮಾನ ಉಳಿದಿರುವುದರಿಂದಲೇ ಅವರ ನೆನಪೂ ನಮಗೆ ಬರುತ್ತದೆ. ಯಂತ್ರವನ್ನು ಕರಗಿಸಿಬಿಟ್ಟರೆ ಯುದ್ಧವೇನೂ ಕರಗುವುದಿಲ್ಲ, ಅದರ ಪಾಠ ಮಾತ್ರ ಕರಗಿಹೋಗುತ್ತದೆ. ಆದುದರಿಂದ ಇವುಗಳನ್ನು ಪೂಜಿಸಲೆಂದು ಅಲ್ಲ, ಮರೆಯದಿರಲೆಂದು ಕಾಪಾಡಬೇಕು. ಮುಂದೆಂದಾದರೂ ಇಂತಹ ವಿಮಾನದ ಮುಂದೆ ನೀವು ನಿಂತಾಗ ಅದರ ಬಂದೂಕುಗಳನ್ನು ಮಾತ್ರ ನೋಡಬೇಡಿ. ವೈಮಾನಿಕ ಕುಳಿತಿದ್ದ ಆ ಇಕ್ಕಟ್ಟಾದ ಪೀಠವನ್ನೂ ಒಮ್ಮೆ ನೋಡಿ. ಅಲ್ಲಿ ಕುಳಿತಿದ್ದವನು ನಿಮ್ಮ ಅಣ್ಣನ ವಯಸ್ಸಿನವನು ಎಂಬುದನ್ನು ನೆನೆಯಿರಿ.